ಮನೆಯ ಗಣಕಯಂತ್ರಕ್ಕೆ ಯಜಮಾನರಾರು?

ಜೇವರ್ಗಿ ತಾಲೂಕಿನ ನೆಲೋಗಿಯ ಹೆಸರನ್ನು ನಮ್ಮ ವಾಚಕರಲ್ಲಿ ಬಹುಮಂದಿ ಬಲ್ಲರು. ರಾಜ್ಯದ ಮುಖ್ಯಮಂತ್ರಿಗಳಾಗಿದ್ದ ದಿವಂಗತ ಎನ್. ಧರ್ಮಸಿಂಗರು ಹುಟ್ಟಿದ ಊರು ಅದು. ತೊಗರಿ, ಹತ್ತಿ ಬೆಳೆಯುವ ಸೀಮೆಯ ಆ ಊರಿಗೂ ಅಂಥ ನೂರಾರು ಊರುಗಳಿಗೂ ಇಂದು ಅಂತರಜಾಲವು ತಲುಪಿರುತ್ತದೆ. ಹೊಲದ ಪಹಣಿ, ತೊಗರಿಯ ಧಾರಣೆ, ಮಕ್ಕಳ ಪರೀಕ್ಷೆಯ ಫಲಿತಾಂಶ ಇವುಗಳಿಗಾಗಿ ತಾಲೂಕಿನ ಊರಿಗೆ ಅಲೆಯುವ ಶ್ರಮವು ಬಹುಮಟ್ಟಿಗೆ ತಪ್ಪಿದ್ದು ಸಂತೋಷದ ಸಂಗತಿಯೇ ಸರಿ. ಆದರೆ ಗಣಕಯಂತ್ರದ ಮುಂದೆ ಕೂಡ್ರುವ ಗೃಹಸ್ಥನ ಅನುಭವವೇನು? ಅವನು ಕೇಳಿದ್ದು ಒಂದು ವಿಷಯ. ಅದರ ಸುತ್ತಲೂ ಬಂದು ನಿಲ್ಲುವವು ಹತ್ತು ಜಾಹೀರಾತು. ಒಂದು ಕುಣಿಯುತ್ತದೆ, ಒಂದು ಕೂಗುತ್ತದೆ, ಮತ್ತೊಂದು ‘ಇಲ್ಲಿ ಒತ್ತಿರಿ’ ಎಂಬ ಹುಸಿ ಗುಂಡಿಯನ್ನು ತೋರಿಸಿ, ಫಲಿತಾಂಶವನ್ನು ಹುಡುಕುವ ಹುಡುಗನನ್ನು ಜೂಜಿನ ಕಟ್ಟೆಗೆ ಕರೆದೊಯ್ಯುತ್ತದೆ. ಯಂತ್ರವನ್ನು ಕೊಂಡವನು ಗೃಹಸ್ಥ. ವಿದ್ಯುತ್ತಿನ ಬಿಲ್ಲನ್ನೂ ಡೇಟಾದ ಹಣವನ್ನೂ ತೆರುವವನು ಗೃಹಸ್ಥ. ಹೀಗಿರಲು ಆ ಯಂತ್ರದ ತೆರೆಯ ಮೇಲೆ ಏನು ಮೂಡಬೇಕೆಂಬದನ್ನು ನಿರ್ಣಯಿಸುವವರು ಯಾರು? ಈ ಪ್ರಶ್ನೆಯು ಮೇಲ್ನೋಟಕ್ಕೆ ಕ್ಷುಲ್ಲಕವಾಗಿ ತೋರಬಹುದು. ಆದರೆ ಇದರಲ್ಲಿ ಪ್ರಜೆಯ ಒಂದು ಮುಖ್ಯವಾದ ಹಕ್ಕು ಅಡಗಿದೆಯೆಂದು ನಮ್ಮ ಅಭಿಪ್ರಾಯವಿದೆ.

ಅಚ್ಚಿನ ಜಾಹೀರಾತಿಗೂ ಜಾಲಪುಟದ ಜಾಹೀರಾತಿಗೂ ಇರುವ ಭೇದವನ್ನು ಮೊದಲು ಅರಿಯತಕ್ಕದ್ದು. ಪತ್ರಿಕೆಯ ಮೂಲೆಯಲ್ಲಿ ಅಚ್ಚಾದ ಬಟ್ಟೆಯಂಗಡಿಯ ಜಾಹೀರಾತಿಗೆ ಅದನ್ನು ಓದುವವನು ಯಾರೆಂಬದು ತಿಳಿಯದು. ಜಾಲಪುಟದ ಸಂಗತಿಯು ಹಾಗಲ್ಲ. ನಾವು ಒಂದು ಪುಟವನ್ನು ತೆರೆದ ಕೂಡಲೆ ನಮ್ಮ ಬ್ರೌಸರು ಆ ಪುಟದ ಒಡೆಯನೊಬ್ಬನನ್ನೇ ಅಲ್ಲ, ನಾವು ಹೆಸರನ್ನೂ ಕೇಳಿರದ ಅನೇಕ ಕಂಪನಿಗಳ ಯಂತ್ರಗಳನ್ನೂ ಸಂಪರ್ಕಿಸುತ್ತದೆ. ನಾವು ಯಾವ ಊರಿನವರು, ಹಿಂದೆ ಏನನ್ನು ಹುಡುಕಿದೆವು, ಯಾವ ಪುಟದಲ್ಲಿ ಎಷ್ಟು ಹೊತ್ತು ನಿಂತೆವು ಎಂಬ ವಿವರಗಳು ಅವುಗಳ ಕೈಸೇರುತ್ತವೆ. ಬಳಿಕ ಕಣ್ಣು ಮುಚ್ಚಿ ತೆರೆಯುವದರೊಳಗಾಗಿ ನಮ್ಮ ಗಮನವು ಹರಾಜಾಗುತ್ತದೆ. ಹೆಚ್ಚು ಬೆಲೆ ಕೂಗಿದವನ ಜಾಹೀರಾತು ನಮ್ಮ ಮುಂದೆ ಬರುತ್ತದೆ. ಎ.ಪಿ.ಎಂ.ಸಿ.ಯಲ್ಲಿ ತೊಗರಿಯ ಸವಾಲು ನಡೆಯುವಾಗ ಮಾಲಿನ ಒಡೆಯನಾದ ರೈತನು ಎದುರಿಗೆ ನಿಂತಿರುತ್ತಾನೆ ಮತ್ತು ಹಣವೂ ಅವನಿಗೇ ಸಲ್ಲುತ್ತದೆ. ಈ ಸವಾಲಿನಲ್ಲಿಯಾದರೋ ಮಾಲಿನ ಒಡೆಯನಿಗೆ ಸವಾಲು ನಡೆಯಿತೆಂಬ ಸುದ್ದಿಯೇ ಇಲ್ಲ.

ಇದರಿಂದಾಗುವ ಹಾನಿಯು ಕಣ್ಣಿನ ಕಿರಿಕಿರಿಯಷ್ಟೇ ಎಂದು ಭಾವಿಸಬಾರದು. ಶೋಧಕ ಯಂತ್ರಗಳಲ್ಲಿ ಹಣ ಕೊಟ್ಟು ಮೇಲಕ್ಕೇರಿದ ಜಾಹೀರಾತುಗಳ ರೂಪದಲ್ಲಿ ವಂಚಕರು ಪ್ರಸಿದ್ಧ ಸಂಸ್ಥೆಗಳ ವೇಷ ಧರಿಸುತ್ತಾರೆಂದು ಅಮೇರಿಕದ ಎಫ್.ಬಿ.ಐ. 2022ರ ಡಿಸೆಂಬರಿನಲ್ಲಿ ಸಾರ್ವಜನಿಕರನ್ನು ಎಚ್ಚರಿಸಿ, ಜಾಹೀರಾತು ತಡೆಯುವ ಸಾಧನವನ್ನು ಬಳಸಿರೆಂದು ತಾನಾಗಿ ಸಲಹೆ ಕೊಟ್ಟಿತು. ನಮ್ಮ ಕೇಂದ್ರ ಗ್ರಾಹಕ ಸಂರಕ್ಷಣ ಪ್ರಾಧಿಕಾರವು 2023ರ ನವೆಂಬರಿನಲ್ಲಿ ಅಂತರಜಾಲದ 13 ಬಗೆಯ ಮೋಸದ ರಚನೆಗಳನ್ನು ಪಟ್ಟಿ ಮಾಡಿತು; ವೇಷ ಮರೆಸಿದ ಜಾಹೀರಾತು ಅವುಗಳಲ್ಲೊಂದು. ಹಣದ ಆನ್‌ಲೈನ್ ಆಟಗಳನ್ನೂ ಅವುಗಳ ಜಾಹೀರಾತನ್ನೂ ನಿಷೇಧಿಸುವ ಕಾಯಿದೆಯನ್ನು ಸಂಸತ್ತು 2025ರ ಆಗಸ್ಟಿನಲ್ಲಿ ಅಂಗೀಕರಿಸಿತು. ನಮ್ಮ ರಾಜ್ಯದವರೇ ಆದ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ದಾವೆಯಲ್ಲಿ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟು ಖಾಸಗಿತನವು ಮೂಲಭೂತ ಹಕ್ಕೆಂದು ಸಾರಿತು. ಆದರೂ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯಿದೆಯು ಬರಲು 2023ರವರೆಗೆ ಕಾಯಬೇಕಾಯಿತು. ಅದರ ನಿಯಮಗಳು ಪ್ರಕಟವಾದದ್ದು 2025ರ ನವೆಂಬರಿನಲ್ಲಿ. ಪ್ರಧಾನ ಕಲಮುಗಳ ಜಾರಿಗೆ ಮತ್ತೆ 18 ತಿಂಗಳ ಅವಧಿಯನ್ನು ಕೊಡಲಾಯಿತು. ಕಾಯಿದೆಯು ಅವಶ್ಯವೆಂಬದರಲ್ಲಿ ಸಂದೇಹವಿಲ್ಲ. ಆದರೆ ಅದರ ನಡೆ ನಿಧಾನ. ಅದು ಬಂದು ಮುಟ್ಟುವವರೆಗೆ ಗೃಹಸ್ಥನು ಕೈಕಟ್ಟಿ ಕೂಡ್ರಬೇಕಾದ ಕಾರಣವಿಲ್ಲ.

ಏಕೆಂದರೆ ಉಪಾಯವು ಕೈಯಳತೆಯಲ್ಲಿದೆ. ಬ್ರೌಸರಿಗೆ ಜೋಡಿಸಿಕೊಳ್ಳುವ ಚಿಕ್ಕ ತಂತ್ರಾಂಶಗಳುಂಟು. ಅವುಗಳಲ್ಲಿ ರೇಮಂಡ್ ಹಿಲ್ ಎಂಬವರು 2014ರಲ್ಲಿ ಆರಂಭಿಸಿದ ಕೆಲಸದಿಂದ ಬೆಳೆದ ‘ಯುಬ್ಲಾಕ್ ಆರಿಜಿನ್’ ಎಂಬದು ವಿಶೇಷವಾಗಿ ಹೆಸರಾದದ್ದು. ಅದರ ಕಾರ್ಯಕ್ರಮವು ಸರಳವಾಗಿದೆ. ಜಾಹೀರಾತಿನ ಹಾಗೂ ಬೇಹುಗಾರಿಕೆಯ ಯಂತ್ರಗಳ ವಿಳಾಸಗಳನ್ನು ಸ್ವಯಂಸೇವಕರು ಪಟ್ಟಿ ಮಾಡಿಟ್ಟಿರುತ್ತಾರೆ. ಪುಟವನ್ನು ತೆರೆಯುವಾಗ ಹೊರಡುವ ಪ್ರತಿಯೊಂದು ಕರೆಯನ್ನೂ ಈ ತಂತ್ರಾಂಶವು ಆ ಪಟ್ಟಿಗಳೊಡನೆ ಹೋಲಿಸಿ, ಪಟ್ಟಿಯಲ್ಲಿದ್ದರೆ ಮನೆಯ ಹೊಸ್ತಿಲಲ್ಲಿಯೇ ತಡೆಯುತ್ತದೆ. ಕರೆಯೇ ಹೋಗದಿದ್ದ ಮೇಲೆ ಜಾಹೀರಾತು ಬರುವದಿಲ್ಲ, ಡೇಟಾ ವ್ಯಯವಾಗುವದಿಲ್ಲ, ನಮ್ಮ ವಿವರಗಳೂ ಆ ದಾರಿಯಿಂದ ಹೊರಹೋಗುವದಿಲ್ಲ. ನಿಧಾನಗತಿಯ ಸಂಪರ್ಕವೂ ಹಳೆಯ ಯಂತ್ರವೂ ಉಳ್ಳ ಹಳ್ಳಿಯ ಮನೆಗೆ ಇದರ ಉಪಯೋಗವು ಪಟ್ಟಣದವರಿಗಿಂತ ಹೆಚ್ಚು.

ಇದು ಸ್ವತಂತ್ರ ತಂತ್ರಾಂಶವೆಂಬದನ್ನು ಇಲ್ಲಿ ಒತ್ತಿ ಹೇಳಬೇಕಾಗಿದೆ. ಹಣ ಕೊಡಬೇಕಾಗಿಲ್ಲವೆಂಬದು ಅದರ ಒಂದು ಗುಣ ಮಾತ್ರ. ಅದರ ಒಳರಚನೆಯನ್ನು ಯಾರಾದರೂ ಓದಬಹುದು, ತಿದ್ದಬಹುದು, ಇತರರಿಗೆ ಹಂಚಬಹುದು. ಈ ಹಕ್ಕುಗಳನ್ನು ಅದರ ಲೈಸನ್ಸೇ ಕೊಟ್ಟಿರುತ್ತದೆ. ಹಿಲ್ಲರು ಇದಕ್ಕಾಗಿ ದೇಣಿಗೆಯನ್ನು ಸಹ ಸ್ವೀಕರಿಸುವದಿಲ್ಲ. ಇದೇ ವರ್ಗದ ಇನ್ನೊಂದು ಪ್ರಸಿದ್ಧ ತಂತ್ರಾಂಶವಾದ ‘ಆಡ್‌ಬ್ಲಾಕ್ ಪ್ಲಸ್’ 2011ರಿಂದ ‘ಒಪ್ಪತಕ್ಕ ಜಾಹೀರಾತು’ಗಳೆಂಬ ಪಟ್ಟಿಯನ್ನು ಮಾಡಿ, ಅದರಲ್ಲಿ ಸೇರುವ ದೊಡ್ಡ ಕಂಪನಿಗಳಿಂದ ಶುಲ್ಕ ಪಡೆಯುತ್ತ ಬಂದಿದೆ. ಇದನ್ನು ಅದು ಬಹಿರಂಗವಾಗಿಯೇ ಹೇಳುತ್ತದೆ. ಆದರೂ ಕಾವಲುಗಾರನ ಸಂಬಳವು ಎಲ್ಲಿಂದ ಬರುತ್ತದೆಂಬದನ್ನು ಮನೆಯವರು ತಿಳಿದಿರುವದು ಲೇಸು.

ಬೇಲಿಯೇ ಎದ್ದು ಹೊಲ ಮೇಯ್ದ ಗಾದೆಯನ್ನು ನೆನಪಿಗೆ ತರುವ ಇನ್ನೊಂದು ಸಂಗತಿಯುಂಟು. ಬಹುಜನರು ಬಳಸುವ ಕ್ರೋಮ್ ಬ್ರೌಸರು ಗೂಗಲ್ ಕಂಪನಿಯದು. ಅದರ ಮೂಲಸಂಸ್ಥೆಗೆ 2024ರಲ್ಲಿ ಬಂದ ಸುಮಾರು 350 ಅಬ್ಜ ಡಾಲರುಗಳ ಆದಾಯದಲ್ಲಿ ಸುಮಾರು 264 ಅಬ್ಜವು ಜಾಹೀರಾತಿನಿಂದ ಬಂದದ್ದು. ಈ ಕಂಪನಿಯು ಬ್ರೌಸರಿನ ಜೋಡಣೆಗಳ ನಿಯಮಗಳನ್ನು ಬದಲಿಸಿ, 2024 ಮತ್ತು 2025ರಲ್ಲಿ ಹಳೆಯ ಪದ್ಧತಿಯವುಗಳನ್ನು ಹಂತಹಂತವಾಗಿ ನಿಲ್ಲಿಸಿತು. ಪ್ರತಿಯೊಂದು ಕರೆಯನ್ನೂ ತಾನೇ ಪರೀಕ್ಷಿಸುವ ಅಧಿಕಾರವು ಜೋಡಣೆಯ ಕೈತಪ್ಪಿತು. ಮಿತಿಯುಳ್ಳ ನಿಯಮಗಳನ್ನು ಬ್ರೌಸರಿಗೆ ಒಪ್ಪಿಸುವದಷ್ಟೇ ಉಳಿಯಿತು. ಇದರಿಂದ ಕ್ರೋಮಿನಲ್ಲಿ ಪೂರ್ಣ ಯುಬ್ಲಾಕ್ ಆರಿಜಿನ್ ನಿಂತುಹೋಗಿ, ‘ಲೈಟ್’ ಎಂಬ ಕಡಿಮೆ ಬಲದ ರೂಪವು ಉಳಿದಿದೆ. ಬಳಕೆದಾರರ ಸುರಕ್ಷಿತತೆಗಾಗಿ ಈ ಬದಲಾವಣೆಯೆಂದು ಕಂಪನಿಯು ಹೇಳುತ್ತದೆ. ಆ ಮಾತಿನಲ್ಲಿ ಸತ್ಯಾಂಶವಿರಬಹುದು. ಆದರೆ ಜಾಹೀರಾತಿನಿಂದ ಬದುಕುವವನೇ ಜಾಹೀರಾತಿನ ತಡೆಗೆ ಮಿತಿಯನ್ನು ಗೊತ್ತುಪಡಿಸುವ ವ್ಯವಸ್ಥೆಯು ನ್ಯಾಯವಾದುದೆಂದು ನಮಗೆ ತೋರುವದಿಲ್ಲ. ಫಾಯರ್‌ಫಾಕ್ಸ್ ಬ್ರೌಸರು ಪೂರ್ಣರೂಪಕ್ಕೆ ಇನ್ನೂ ಎಡೆ ಕೊಟ್ಟಿದೆ. ಕನ್ನಡದಲ್ಲಿಯೂ ಅದು ದೊರೆಯುತ್ತದೆ. ಆದರೆ ಅದರ ಸಂಸ್ಥೆಯ ಆದಾಯದ ಬಹುಭಾಗವು ಗೂಗಲ್ಲಿನೊಡನೆ ಮಾಡಿಕೊಂಡ ಶೋಧ ಒಪ್ಪಂದದಿಂದಲೇ ಬರುತ್ತದೆಂಬದನ್ನು ಮರೆಯಲಾಗದು. ಸ್ವಾತಂತ್ರ್ಯವು ಒಮ್ಮೆ ದೊರೆತರೆ ಸಾಲದು, ಅದನ್ನು ಕಾಯುತ್ತಲೇ ಇರಬೇಕೆಂಬದನ್ನು, 1948ರ ಸಪ್ಟೆಂಬರ್ 17ರವರೆಗೆ ಅದಕ್ಕಾಗಿ ಕಾದ ಈ ಭಾಗದ ಜನರಿಗೆ ಬೇರೆ ಹೇಳಬೇಕಾಗಿಲ್ಲ.

ಇಲ್ಲಿ ನಮ್ಮ ಮೇಲೆಯೇ ಒಂದು ಆಕ್ಷೇಪವು ಬರುವದು ಸಹಜ. ಪತ್ರಿಕೆಗಳು ಬದುಕುವದು ಜಾಹೀರಾತಿನಿಂದ. ಓದುಗನು ಕೊಡುವ ಬೆಲೆಯು ಕಾಗದ, ಅಚ್ಚು, ಸಾಗಾಣಿಕೆಗಳ ವೆಚ್ಚಕ್ಕೂ ಸಾಲದು. ಹೀಗಿರಲು ಪತ್ರಿಕೆಯೊಂದು ಜಾಹೀರಾತಿನ ತಡೆಯನ್ನು ಸಮರ್ಥಿಸುವದು ತನ್ನ ಅನ್ನಕ್ಕೆ ತಾನೇ ಮಣ್ಣು ಹಾಕಿಕೊಂಡಂತಲ್ಲವೇ? ಈ ಆಕ್ಷೇಪವನ್ನು ನಾವು ಹಗುರಾಗಿ ಕಾಣುವದಿಲ್ಲ. ಜರ್ಮನಿಯಲ್ಲಿ ಒಂದು ದೊಡ್ಡ ಪ್ರಕಾಶನ ಸಂಸ್ಥೆಯು ಇದೇ ವಾದವನ್ನು ಹೂಡಿ ಕೋರ್ಟಿಗೆ ಹೋಯಿತು. 2018ರ ಏಪ್ರಿಲಿನಲ್ಲಿ ಅಲ್ಲಿಯ ಅತ್ಯುನ್ನತ ಸಿವಿಲ್ ನ್ಯಾಯಾಲಯವು ತಡೆಯುವ ತಂತ್ರಾಂಶವು ಅಕ್ರಮ ಸ್ಪರ್ಧೆಯಲ್ಲ, ಅದನ್ನು ಬಳಸುವದು ಓದುಗನ ಸ್ವಂತ ನಿರ್ಣಯ ಎಂದು ತೀರ್ಪು ಕೊಟ್ಟಿತು. ಅಲ್ಲದೆ, ಜಾಲಪುಟದ ಜಾಹೀರಾತಿನ ಹಣವೆಲ್ಲ ಪತ್ರಿಕೆಗೆ ಸಲ್ಲುತ್ತದೆಂದು ತಿಳಿಯಬಾರದು. ನಡುವಿನ ದಲಾಲರ ಪಾಲು ದೊಡ್ಡದು. ನಮ್ಮ ದೇಶದ ಸುದ್ದಿಪತ್ರಿಕೆಗಳ ದೂರಿನ ಮೇಲೆ ಸ್ಪರ್ಧಾ ಆಯೋಗವು 2022ರ ಜನವರಿಯಲ್ಲಿ ಗೂಗಲ್ಲಿನ ವಿರುದ್ಧ ತನಿಖೆಗೆ ಆಜ್ಞೆ ಮಾಡಿತು. ಜಾಹೀರಾತಿನ ಮಾರುಕಟ್ಟೆಯಲ್ಲಿ ಅದೇ ಕಂಪನಿಯು ಅಕ್ರಮವಾಗಿ ಏಕಸ್ವಾಮ್ಯವನ್ನು ಸ್ಥಾಪಿಸಿತೆಂದು ಅಮೇರಿಕದ ನ್ಯಾಯಾಲಯವೊಂದು 2025ರ ಏಪ್ರಿಲಿನಲ್ಲಿ ನಿರ್ಣಯಿಸಿತು. ಇತ್ತ ನಮ್ಮ ಸರಕಾರವು, ವಿದೇಶೀ ಕಂಪನಿಗಳಿಗೆ ಸಲ್ಲುವ ಆನ್‌ಲೈನ್ ಜಾಹೀರಾತಿನ ಹಣದ ಮೇಲೆ 2016ರಲ್ಲಿ ಹಾಕಿದ್ದ ಶೇಕಡಾ 6ರ ತೆರಿಗೆಯನ್ನು 2025ರ ಏಪ್ರಿಲ್ 1ರಿಂದ ರದ್ದುಪಡಿಸಿತು.

ಆದುದರಿಂದ ಓದುಗನಿಗೆ ನಮ್ಮ ವಿಜ್ಞಾಪನೆಯು ಇಷ್ಟೇ: ತಡೆಯುವ ಹಕ್ಕು ನಿಮ್ಮದು, ಅದನ್ನು ವಿವೇಕದಿಂದ ಬಳಸಿರಿ. ನೀವು ನಂಬಿ ಓದುವ ಪತ್ರಿಕೆಯ ಜಾಹೀರಾತು ಸಭ್ಯವಾಗಿದ್ದರೆ, ಆ ಪುಟವೊಂದಕ್ಕೆ ತಡೆಯನ್ನು ತೆಗೆಯುವ ಗುಂಡಿಯು ತಂತ್ರಾಂಶದಲ್ಲಿಯೇ ಇದೆ. ಇಲ್ಲವೆ ಚಂದಾ ಕೊಟ್ಟು ಓದಿರಿ. ಎರಡನ್ನೂ ಮಾಡದೆ ಎಲ್ಲವೂ ಬಿಟ್ಟಿಯಾಗಿ ಬರಬೇಕೆಂದರೆ ಪತ್ರಿಕೆಗಳು ಉಳಿಯಲಾರವು. ಉಳಿದವು ಯಾರದೋ ಮುಖಸ್ತುತಿಯ ಹಾಳೆಗಳಾದಾವು. ಓದುಗನ ಗೌರವವನ್ನು ಕಳೆಯದ ಜಾಹೀರಾತನ್ನು ಮಾತ್ರ ಒಪ್ಪಿಕೊಳ್ಳುವದು ಪತ್ರಿಕೆಗಳವರ ಕರ್ತವ್ಯವಾಗಿದೆ.

ಈ ಉಪಾಯಕ್ಕೆ ಮಿತಿಗಳಿವೆ. ಹಳ್ಳಿಗಳಲ್ಲಿ ಗಣಕಯಂತ್ರಕ್ಕಿಂತ ಮೊಬೈಲು ಹೆಚ್ಚು. ಮೊಬೈಲಿನ ಆ್ಯಪುಗಳೊಳಗಿನ ಜಾಹೀರಾತನ್ನು ಬ್ರೌಸರಿನ ಜೋಡಣೆಯು ತಡೆಯಲಾರದು. ಆದರೂ ಆ್ಯಂಡ್ರಾಯ್ಡ್ ಮೊಬೈಲಿನ ಫಾಯರ್‌ಫಾಕ್ಸಿನಲ್ಲಿ ಯುಬ್ಲಾಕ್ ಆರಿಜಿನ್ನನ್ನು ಜೋಡಿಸಲು ಬರುತ್ತದೆ. ಹೋಬಳಿಯ ಊರುಗಳಲ್ಲಿ ಒಂದೇ ಯಂತ್ರವನ್ನು ನೂರು ಜನ ಆಶ್ರಯಿಸುವ ಸ್ಥಳಗಳೂ ಇವೆ: ಗ್ರಾಮ ಒನ್ ಕೇಂದ್ರ, ಪಂಚಾಯಿತಿಯ ಕಚೇರಿ, ಶಾಲೆ, ಗ್ರಂಥಾಲಯ. ಸ್ವತಂತ್ರ ತಂತ್ರಾಂಶಗಳಿಗೆ ಪ್ರಾಶಸ್ತ್ಯ ಕೊಡಬೇಕೆಂಬ ನೀತಿಯನ್ನು ಭಾರತ ಸರಕಾರವು 2015ರಲ್ಲಿಯೇ ಪ್ರಕಟಿಸಿತು. ಅಧಿಕಾರಿಗಳು ಮನಸ್ಸು ಮಾಡಿದರೆ ಈ ಯಂತ್ರಗಳಲ್ಲಿ ತಡೆಯನ್ನು ಅಳವಡಿಸಲು ಅರ್ಧ ಗಂಟೆಯೂ ಹಿಡಿಯದು; ಖಜಾನೆಯಿಂದ ಒಂದು ರೂಪಾಯಿಯೂ ವೆಚ್ಚವಾಗದು.

ಇನ್ನೊಂದು ಕೆಲಸವು ನಮ್ಮ ವಿದ್ಯಾವಂತ ತರುಣರದು. ತಡೆಯ ಪಟ್ಟಿಗಳು ತಾವಾಗಿ ಬೆಳೆಯುವದಿಲ್ಲ. ಭಾರತೀಯ ಭಾಷೆಗಳ ಜಾಲತಾಣಗಳಿಗಾಗಿ ‘ಇಂಡಿಯನ್‌ಲಿಸ್ಟ್’ ಎಂಬ ಪಟ್ಟಿಯೊಂದುಂಟು. ಕನ್ನಡದ ಪುಟಗಳಲ್ಲಿಯ ಹುಸಿ ಗುಂಡಿಯನ್ನೂ ಜೂಜಿನ ಕರೆಯನ್ನೂ ಕನ್ನಡ ಬಲ್ಲವರು ಗುರುತಿಸಿ ತಿಳಿಸಿದ ಹೊರತು ದೂರದ ಸ್ವಯಂಸೇವಕನಿಗೆ ತಿಳಿಯುವ ಬಗೆಯೆಂತು? ಕಲಬುರಗಿಯ ಇಂಜಿನಿಯರಿಂಗ್ ವಿದ್ಯಾರ್ಥಿಗಳು ವಾರಕ್ಕೊಂದು ಗಂಟೆಯನ್ನು ಇದಕ್ಕೆ ಮೀಸಲಿಟ್ಟರೆ ಅದು ನಾಡಿನ ಸೇವೆಯೇ ಆಗುವದು. ನೆಲೋಗಿಯ ಮನೆಯೊಂದರಲ್ಲಿ ಫಲಿತಾಂಶವನ್ನು ಹುಡುಕುವ ಬಾಲಕನು ಫಲಿತಾಂಶವನ್ನೇ ಕಾಣುವಂತಾಗಬೇಕು. ಅದಕ್ಕೆ ಬೇಕಾದ ಸಾಧನವು ಸಿದ್ಧವಾಗಿದೆ. ಅದನ್ನು ಕೈಗೆತ್ತಿಕೊಳ್ಳುವದು ನಮಗೆ ಬಿಟ್ಟದ್ದು.