ಪೊರೆ ಸರಿದ ಮೇಲೆ

ನಮ್ಮ ದೊಡ್ಡಮ್ಮನವರಿಗೆ 78ನೆಯ ವಯಸ್ಸಿನಲ್ಲಿ ಒಂದು ಕಣ್ಣಿನ ಪೊರೆ ತೆಗೆಸಿದೆವು. ಪಟ್ಟಿ ಬಿಚ್ಚಿದ ದಿನ ಬೀದಿಯಾಚೆಯ ಬೇವಿನ ಎಲೆಗಳು ಒಂದೊಂದೂ ಬೇರೆಬೇರೆಯಾಗಿ ಕಂಡವೆಂದು ಅವರು ಹಿಗ್ಗಿದರು; ನಾವು ಕೃತಾರ್ಥರಾದೆವೆಂದು ಬಗೆದೆವು. ವಾರ ಕಳೆದು ಮೊರದ ಮುಂದೆ ಕುಳಿತಾಗ ಅಕ್ಕಿ ಯಾವುದು, ಕಲ್ಲು ಯಾವುದು ತಿಳಿಯಲೊಲ್ಲದು. ಪೊರೆಯ ಮಬ್ಬಿನಲ್ಲಿಯೂ ಮೊರವನ್ನು ಮುಖದ ಹತ್ತಿರ ಹಿಡಿದು ಹೇಗೋ ಆರಿಸುತ್ತಿದ್ದವರು ಅವರು. “ಊರು ಕಂಡಿತು, ಕೈ ಕಾಣದಾಯಿತು” ಎಂದು ಮೊರವನ್ನು ಸೊಸೆಯ ಕಡೆಗೆ ತಳ್ಳಿದರು.

ಶಸ್ತ್ರಚಿಕಿತ್ಸೆಯಲ್ಲಿ ಯಾವ ದೋಷವೂ ಇರಲಿಲ್ಲ. ಒಳಗೆ ಕೂಡಿಸುವ ಸಾಮಾನ್ಯ ಮಸೂರಕ್ಕೆ ಒಂದೇ ದೂರ ನಿಚ್ಚಳ. ಬಹುಮಟ್ಟಿಗೆ ಅದನ್ನು ದೂರದ ನೋಟಕ್ಕೆ ಹೊಂದಿಸಿರುತ್ತಾರೆ. ಹತ್ತಿರದ ಕೆಲಸಕ್ಕೆ ಕನ್ನಡಕ ಬೇಕೇ ಬೇಕು. ಈ ಒಂದು ಮಾತನ್ನು ನಮಗೆ ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಹಾಗೆ ಎಂಟು ತಿಂಗಳು ಕಳೆದವು.

ಹಿಂದಿನವರಿಗೆ ಈ ಮರೆವು ಸಾಧ್ಯವಿರಲಿಲ್ಲ. ಡಾ. ಎಂ. ಸಿ. ಮೋದಿಯವರು ಊರೂರು ತಿರುಗಿ ಶಿಬಿರಗಳನ್ನು ನಡೆಸುತ್ತಿದ್ದ ಕಾಲದಲ್ಲಿ ಪೊರೆಗಟ್ಟಿದ ಮಸೂರವನ್ನು ತೆಗೆದ ಮೇಲೆ ಆ ಜಾಗ ಬರಿದಾಗಿಯೇ ಉಳಿಯುತ್ತಿತ್ತು. ಸೋಡಾಬುಡ್ಡಿ ಕನ್ನಡಕವಿಲ್ಲದೆ ನೋಟವೇ ಇಲ್ಲ. ಅದನ್ನು ಹಾಕಿಕೊಂಡರೂ ವಸ್ತುಗಳು ಕಾಲುಪಾಲಿನಷ್ಟು ದೊಡ್ಡದಾಗಿ ಕಂಡು, ಮೆಟ್ಟಿಲು ಕಾಲಿಗೆ ಸಿಕ್ಕದು, ಲೋಟ ಕೈಗೆ ಸಿಕ್ಕದು. ಲಂಡನ್ನಿನಲ್ಲಿ ಹೆರಾಲ್ಡ್ ರಿಡ್ಲೆ 1949ರಲ್ಲಿ ಕೃತಕ ಮಸೂರವನ್ನು ಕಣ್ಣಿನೊಳಗೇ ಇರಿಸಿದುದು ಈ ಪಾಡನ್ನು ತಪ್ಪಿಸಲೆಂದು. 1992ರಿಂದ ಮಧುರೆಯಲ್ಲಿಯೇ ಅಗ್ಗದ ಮಸೂರಗಳು ತಯಾರಾಗತೊಡಗಿ ಬಡವರಿಗೂ ಅದು ಎಟುಕಿತು. ಇದು ಸಣ್ಣ ಉಪಕಾರವಲ್ಲ. ಆದರೆ ಸೋಡಾಬುಡ್ಡಿಯೊಡನೆ ಕನ್ನಡಕದ ಚಿಂತೆಯನ್ನೂ ಮೂಲೆಗೆಸೆದೆವೆಂದು ತೋರುತ್ತದೆ.

ಎಲ್ಲ ಕೊರತೆಯೂ ಕನ್ನಡಕದಿಂದ ನೀಗುವುದೆಂದು ನಾನು ಹೇಳುತ್ತಿಲ್ಲ. ಮುಪ್ಪಿನಲ್ಲಿ ಪೊರೆಯ ಹಿಂದೆ ಸಕ್ಕರೆ ಕಾಯಿಲೆಯೋ ಗ್ಲಾಕೋಮಾವೋ ಅಕ್ಷಿಪಟದ ಸವೆತವೋ ಅಡಗಿರಬಹುದು. ಅಂಥವರಿಗೆ ಬರಬಹುದಾದ ಬೆಳಕು ಎಷ್ಟೆಂಬುದನ್ನು ಮೊದಲೇ ಹೇಳುವುದು ಮರ್ಯಾದೆ. ಕೆಲವರಿಗೆ ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ಮಸೂರದ ಹಿಂದಿನ ತೆಳುಪದರ ಮಬ್ಬಾಗುತ್ತದೆ. ಲೇಸರಿನಿಂದ ನಿಮಿಷಗಳಲ್ಲಿ ತಿಳಿಯಾಗುವ ಇದನ್ನು ಪೊರೆ ಮತ್ತೆ ಬೆಳೆಯಿತೆಂದು ತಿಳಿದು ಕೊರಗುವವರಿದ್ದಾರೆ.

ನಮ್ಮ ಶಿಬಿರಗಳ ವರದಿಯಲ್ಲಿ ಎಷ್ಟು ಕಣ್ಣು ಎಂಬ ಸಂಖ್ಯೆ ದಪ್ಪಕ್ಷರದಲ್ಲಿರುತ್ತದೆ. ಎಷ್ಟು ನೋಟ ಎಂಬುದು ಇರುವುದಿಲ್ಲ. ಲೋಕದ ಲೆಕ್ಕ ಈಚೆಗೆ ಬದಲಾಗಿದೆ. 2021ರಲ್ಲಿ ವಿಶ್ವ ಆರೋಗ್ಯ ಸಭೆಯು 2030ಕ್ಕೆಂದು ಇಟ್ಟ ಗುರಿಯಲ್ಲಿ, ಶಸ್ತ್ರಚಿಕಿತ್ಸೆಯಾಗಿ ಒಳ್ಳೆಯ ದೃಷ್ಟಿಯೂ ಬಂದವರೇ ಲೆಕ್ಕಕ್ಕೆ ಬರುತ್ತಾರೆ. ಅಳೆಯುವುದು ಅವರು ವಾಸ್ತವವಾಗಿ ತೊಡುವ ಕನ್ನಡಕದೊಡನೆ, ಇಲ್ಲದಿದ್ದರೆ ಬರಿಗಣ್ಣಿನಲ್ಲಿ. ನ್ಯಾಯವಾದ ಅಳತೆ. ಆದರೂ ಅದು ದೂರದ ಅಕ್ಷರಪಟದ್ದು, ಮೊರದವರೆಗೆ ಬರುವುದಿಲ್ಲ. ಶಸ್ತ್ರಚಿಕಿತ್ಸೆಗೆ ಮುನ್ನ “ದಿನವೆಲ್ಲ ಏನು ಮಾಡುತ್ತೀರಿ ತಾಯಿ?” ಎಂದೊಂದು ಪ್ರಶ್ನೆ, ಆರು ವಾರದ ಮೇಲೆ ಕಣ್ಣಳತೆ, ಕೈಗೊಂದು ಕನ್ನಡಕ: ಇಷ್ಟು ಆಗುವ ತನಕ ವರದಿಯಲ್ಲಿ ಆ ಕಣ್ಣನ್ನು ಎಣಿಸಬಾರದೆಂಬುದು ನನ್ನ ಮತ.

ದೊಡ್ಡಮ್ಮನವರಿಗೆ ಕಡೆಗೆ ಪೇಟೆಯಲ್ಲಿ ಕನ್ನಡಕ ಮಾಡಿಸಿದೆವು. ಮೊರ ಮತ್ತೆ ಅವರ ತೊಡೆಗೆ ಬಂದಿತು. ಇನ್ನೊಂದು ಕಣ್ಣಿನ ಮಾತೆತ್ತಿದರೆ ಮಾತ್ರ ಇಂದಿಗೂ ಕೈಯಾಡಿಸಿಬಿಡುತ್ತಾರೆ. ಆ ಎಂಟು ತಿಂಗಳು ಅವರ ದೂರನ್ನು ಜಗಲಿಯ ಮೇಲೆ ಕುಳಿತು ಕೇಳಿದ ಪಕ್ಕದ ಮನೆಯ ಮುದುಕರೂ ಗೋಡೆ ತಡವಿಕೊಂಡೇ ನಡೆಯುತ್ತಿದ್ದಾರೆ.