ಬಂಜೆಯೆಂಬ ಬಿರುದು

ಕನ್ನಡ ನುಡಿಯಲ್ಲಿ ‘ಬಂಜೆ’ ಎಂಬ ಶಬ್ದವೊಂದುಂಟು. ಸಂಸ್ಕೃತದ ‘ವಂಧ್ಯಾ’ ಎಂಬುದು ತದ್ಭವವಾಗಿ ಬಂದು ಮನೆಮನೆಯ ಮಾತಾಗಿ ನಿಂತಿದೆ. ಆದರೆ ಈ ಶಬ್ದಕ್ಕೆ ಪುಲ್ಲಿಂಗವೆಲ್ಲಿ? ಷಂಡ, ನಪುಂಸಕ ಎಂಬ ಮಾತುಗಳಿವೆಯಲ್ಲ ಎಂದು ಯಾರಾದರೂ ಹೇಳಬಹುದು. ಅವು ಸಂಗಮಶಕ್ತಿಯಿಲ್ಲದವನನ್ನು ಹೇಳುತ್ತವೆಯೇ ಹೊರತು, ಶಕ್ತನಾಗಿದ್ದೂ ವೀರ್ಯದಲ್ಲಿ ಬೀಜಬಲವಿಲ್ಲದವನನ್ನು ಹೇಳುವುದಿಲ್ಲ. ಅಂತಹ ಗಂಡಸಿಗೆ ದಿನಬಳಕೆಯ ಕನ್ನಡದಲ್ಲಿ ಹೆಸರೇ ಇಲ್ಲ. ಹೆಸರಿಲ್ಲದ ದೋಷವನ್ನು ಯಾರೂ ಹುಡುಕುವುದಿಲ್ಲ. ಹೆಸರಿರುವ ದೋಷವನ್ನು ಹುಡುಕದೆಯೇ ಹೊರಿಸುತ್ತಾರೆ. ಮಕ್ಕಳನ್ನು ಬಯಸುವ ದಂಪತಿಗಳಿಗೆ ದೊರೆಯುವ ಉಪದೇಶದಲ್ಲಿ ಬಹುಭಾಗವು ಈ ಒಂದು ಕುರುಡಿನಿಂದಲೇ ಕೆಟ್ಟಿದೆ.

ಮದುವೆಯಾಗಿ ಎರಡು ದೀಪಾವಳಿ ಕಳೆಯುವಷ್ಟರಲ್ಲಿ ಸೊಸೆಯ ಹೊಟ್ಟೆಯ ವಿಚಾರವು ಊರಿನ ವಿಚಾರವಾಗುತ್ತದೆ. ಅಶ್ವತ್ಥದ ಪ್ರದಕ್ಷಿಣೆಗೆ ಆಕೆಯನ್ನು ಕಳುಹಿಸುತ್ತಾರೆ, ನಾಗರಕಲ್ಲಿನ ಪ್ರತಿಷ್ಠೆಯಾಗುತ್ತದೆ, ಉಪವಾಸಗಳು ಆಕೆಯವು, ಹೆಸರು ತಿಳಿಯದ ಚೂರ್ಣಗಳು ಆಕೆಯ ಬಾಯಿಗೆ. ಅನಂತರ ಪಟ್ಟಣದ ಆಸ್ಪತ್ರೆ. ಅಲ್ಲಿಯೂ ರಕ್ತ ತೆಗೆಯುವುದು ಆಕೆಯದನ್ನು, ಸ್ಕ್ಯಾನಿಂಗ್ ಆಕೆಗೆ, ಗರ್ಭನಾಳಗಳಿಗೆ ಔಷಧ ತುಂಬಿ ಚಿತ್ರ ತೆಗೆಯುವ ನೋವಿನ ಪರೀಕ್ಷೆಯೂ ಆಕೆಗೆ. ಇಷ್ಟೆಲ್ಲ ಮುಗಿದು, ವೈದ್ಯರು ಎರಡು ಮೂರು ಬಾರಿ ಒತ್ತಿ ಹೇಳಿದ ಮೇಲೆ, ಗಂಡನಾದವನು ಒಂದು ಸಣ್ಣ ಶೀಶೆಯನ್ನು ಕೈಗೆ ತೆಗೆದುಕೊಳ್ಳಲು ಒಲ್ಲದ ಮನಸ್ಸಿನಿಂದ ಒಪ್ಪುತ್ತಾನೆ, ಅದಕ್ಕೂ ಒಪ್ಪದವರುಂಟು. ಅಷ್ಟರಲ್ಲಿ ಕಳೆದುಹೋದ ವರ್ಷಗಳನ್ನು ಮರಳಿ ಕೊಡುವವರಾರು?

ಇದು ನ್ಯಾಯಕ್ಕೆ ಮಾತ್ರವಲ್ಲ, ಲೆಕ್ಕಕ್ಕೂ ವಿರುದ್ಧವಾದುದು. ಮಕ್ಕಳಾಗುವುದು ತಡವಾದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿಯಲ್ಲಿ ಗಂಡಸಿನ ಕಡೆಯ ಕಾರಣವು, ಒಂಟಿಯಾಗಿಯೋ ಹೆಂಗಸಿನ ಕಡೆಯ ಕಾರಣದೊಡನೆ ಕೂಡಿಯೋ, ಇದ್ದೇ ಇರುತ್ತದೆ. ವೀರ್ಯಪರೀಕ್ಷೆಗೆ ಕತ್ತಿಯಿಲ್ಲ, ಸೂಜಿಯಿಲ್ಲ, ಹೆಚ್ಚಿನ ವೆಚ್ಚವೂ ಇಲ್ಲ. 2ರಿಂದ 7 ದಿನಗಳ ಸಂಯಮದ ಮೇಲೆ ಕೊಟ್ಟ ವೀರ್ಯವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರಾಯಿತು. ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಕೊಟ್ಟ ಮಾನದಂಡದಂತೆ ಒಂದು ಮಿಲಿಲೀಟರಿನಲ್ಲಿ ಕನಿಷ್ಠ 1 ಕೋಟಿ 60 ಲಕ್ಷ ವೀರ್ಯಾಣುಗಳಿರಬೇಕು. 100ಕ್ಕೆ 42ರಷ್ಟಾದರೂ ಚಲಿಸುತ್ತಿರಬೇಕು. ಇದು ಗೆಲುವು ಸೋಲಿನ ಗೆರೆಯಲ್ಲ. ತಂದೆಯರಾದವರಲ್ಲಿಯೂ 100ಕ್ಕೆ 5 ಮಂದಿ ಇದರ ಕೆಳಗೇ ಇದ್ದರು. ಆದುದರಿಂದ ಒಮ್ಮೆ ಕಡಮೆ ಬಂದರೆ ಎದೆಗುಂದದೆ ಕೆಲವು ವಾರಗಳ ಮೇಲೆ ಮತ್ತೊಮ್ಮೆ ನೋಡತಕ್ಕದ್ದು. ಇಷ್ಟು ಸುಲಭವಾದುದನ್ನು ಕೊನೆಗಿಟ್ಟು ನೋವಿನದನ್ನು ಮೊದಲಿಗಿಡುವುದು ಯಾವ ವಿವೇಕ?

ಇದಕ್ಕೆ ಪ್ರತಿಯಾಗಿ ಶಾಸ್ತ್ರದ ಹೆಸರೆತ್ತುವ ಹಿರಿಯರಿದ್ದಾರೆ. ವಂಧ್ಯೆಯಾದವಳಿರಲು ಎಂಟನೆಯ ವರ್ಷದಲ್ಲಿ ಬೇರೊಬ್ಬಳನ್ನು ತರಬಹುದೆಂದು ಮನುಸ್ಮೃತಿಯು ಹೇಳಿರುವುದು ನಿಜ. ಹೆಣ್ಣುಮಕ್ಕಳನ್ನೇ ಹೆತ್ತವಳಿಗೂ ಅದು ಹನ್ನೊಂದನೆಯ ವರ್ಷದ ಗಡುವನ್ನಿಟ್ಟಿದೆ. ಶಿಶುವು ಹೆಣ್ಣೋ ಗಂಡೋ ಎಂಬುದನ್ನು ತೀರ್ಮಾನಿಸುವುದು ತಂದೆಯ ವೀರ್ಯಾಣುವೇ ಎಂದು ಇಂದು ಶಾಲೆಯ ಹುಡುಗರೂ ಬಲ್ಲರು. ಆ ಗಡುವಿನ ಬೆಲೆ ಅಷ್ಟರಿಂದಲೇ ಗೊತ್ತಾಗುತ್ತದೆ. ಆದರೆ ಶಾಸ್ತ್ರವೆಂದರೆ ಮನುವೊಬ್ಬನೇ ಅಲ್ಲವಷ್ಟೆ. ಗರ್ಭಧಾರಣೆಗೆ ಋತು, ಕ್ಷೇತ್ರ, ಅಂಬು, ಬೀಜ ಎಂಬ ನಾಲ್ಕೂ ಕೂಡಿಬರಬೇಕೆಂದ ಸುಶ್ರುತ ಸಂಹಿತೆಯು ಶುಕ್ರದ ದೋಷಗಳನ್ನು ಎಂಟು ಬಗೆಯಾಗಿ ಎಣಿಸಿದೆ. ಮೂವರು ರಾಣಿಯರಿದ್ದೂ ಪುತ್ರರಿಲ್ಲದಿದ್ದಾಗ ಯಾಗದೀಕ್ಷೆಯನ್ನು ಕೈಕೊಂಡವನು ದಶರಥನೇ. ನಾಲ್ಕನೆಯವಳನ್ನು ಅರಸಿ ಹೊರಡಲಿಲ್ಲ. ಪೂರ್ವಿಕರ ವೈದ್ಯರು ಕಂಡಿದ್ದ ಸತ್ಯವನ್ನು ಮುಚ್ಚಿ, ಪೂರ್ವಿಕರ ಕಟ್ಟಳೆಯನ್ನು ಮಾತ್ರ ಎತ್ತಿ ಹಿಡಿಯುವುದು ಶಾಸ್ತ್ರಭಕ್ತಿಯಲ್ಲ, ಸ್ವಪಕ್ಷಪಾತ.

ಹೆಣ್ಣು ಕ್ಷೇತ್ರ, ಗಂಡು ಬೀಜ ಎಂಬ ಹೋಲಿಕೆಯನ್ನು ಬಿಡಲಾರದವರು ಒಕ್ಕಲಿಗನನ್ನಾದರೂ ನೋಡಿ ಕಲಿಯಬಾರದೆ? ಬಿತ್ತನೆಗೆ ಮುಂಚೆ ಅವನು ನೂರು ಕಾಳುಗಳನ್ನು ಎಣಿಸಿ ಒದ್ದೆಯ ಗೋಣಿತಟ್ಟಿನಲ್ಲಿ ಸುತ್ತಿಟ್ಟು, ಎಷ್ಟು ಮೊಳೆತವೆಂದು ನೋಡುತ್ತಾನೆ. ಪೈರು ಏಳದಿದ್ದರೆ ಹೊಲವೊಂದನ್ನೇ ಬಯ್ದು ಕೂರುವ ಒಕ್ಕಲಿಗನುಂಟೆ? ಅದಿರಲಿ, ಆ ಹೋಲಿಕೆಯೇ ಈಗ ನಿಲ್ಲದು. 1677ರಲ್ಲಿ ಹಾಲೆಂಡಿನ ಲೇವನ್‌ಹುಕ್ ವೀರ್ಯಾಣುಗಳನ್ನು ಕಂಡನು. 1827ರಲ್ಲಿ ಫಾನ್ ಬೇರ್ ಎಂಬ ವಿಜ್ಞಾನಿ ಸಸ್ತನಿಗಳ ಅಂಡಾಣುವನ್ನು ತೋರಿಸಿಕೊಟ್ಟನು. ಬೀಜವು ಇಬ್ಬರದೂ ಹೌದು; ಕ್ಷೇತ್ರ ಮಾತ್ರ ಆಕೆಯದು.

ಇನ್ನು ಋತುವಿನ ವಿಚಾರ. ಇಲ್ಲಿ ಅಜ್ಞಾನದಿಂದಾಗುವ ನಷ್ಟವು ರೋಗದಿಂದಾಗುವ ನಷ್ಟಕ್ಕೆ ಕಡಮೆಯಲ್ಲ. ಅಂಡಾಣುವು ಅಂಡಾಶಯದಿಂದ ಹೊರಟ ಮೇಲೆ ಒಂದು ದಿನಕ್ಕಿಂತ ಹೆಚ್ಚು ಬಾಳುವುದಿಲ್ಲ. ವೀರ್ಯಾಣುಗಳು ಹೆಂಗಸಿನ ದೇಹದಲ್ಲಿ 5 ದಿನಗಳವರೆಗೆ ಜೀವಿಸಬಲ್ಲವು. ಆದುದರಿಂದ ಗರ್ಭ ನಿಲ್ಲತಕ್ಕ ದಿನಗಳು ತಿಂಗಳಿಗೆ ಆರೇ: ಅಂಡಾಣು ಹೊರಡುವ ದಿನ ಮತ್ತು ಅದರ ಹಿಂದಿನ ಐದು ದಿನಗಳು. ಅಮೆರಿಕದ ವಿಲ್ಕಾಕ್ಸ್ ಮತ್ತು ಅವರ ಸಂಗಡಿಗರು 1995ರಲ್ಲಿ ಇದನ್ನು ಎಣಿಕೆಯಿಂದ ತೋರಿಸಿದರು. ಆ ದಿನವನ್ನು ಮುಟ್ಟಿನ ಮೊದಲ ದಿನದಿಂದ ಹದಿನಾಲ್ಕೆಂದು ಕುರುಡಾಗಿ ಎಣಿಸುವುದು ತಪ್ಪು. ಮುಂದಿನ ಮುಟ್ಟಿಗೆ ಸುಮಾರು 14 ದಿನ ಮುಂಚೆ ಎಂಬುದು ಸರಿ. ಮುಟ್ಟು 28 ದಿನಗಳಿಗೊಮ್ಮೆ ಬರುವವಳಿಗೆ ಎರಡೂ ಒಂದೇ. 35 ದಿನಗಳಿಗೊಮ್ಮೆ ಬರುವವಳಿಗೆ ಅದು 21ನೆಯ ದಿನ. ಹದಿನಾರು ರಾತ್ರಿಗಳನ್ನೇ ಋತುಕಾಲವೆಂದು ಹಿಡಿಯುವ ಹಳೆಯ ಲೆಕ್ಕದಲ್ಲಿ ಇಂತಹವಳ ಸಕಾಲವೇ ಹೊರಗುಳಿಯಬಹುದು. ಮೊಟ್ಟೆಯ ಬಿಳಿಯ ಲೋಳೆಯಂತಹ ಜಾರುವ ಸ್ರಾವ ಕಾಣಿಸಿದರೆ ಆ ಕಾಲ ಬಂದಿತೆಂದು ತಿಳಿಯಬಹುದು. ಎಣಿಕೆಯ ಗೊಡವೆ ಬೇಡವೆನ್ನುವವರು ತಿಂಗಳುದ್ದಕ್ಕೂ ಎರಡು ಮೂರು ದಿನಗಳಿಗೊಮ್ಮೆ ಕೂಡಿದರೆ ಸಾಕು.

ಇದನ್ನರಿಯದೆ ಹಿರಿಯರು ಮಾಡುವುದೇನು? ಆಷಾಢವೆಂದು ಒಂದು ತಿಂಗಳು ಸೊಸೆಯನ್ನು ತವರಿಗೆ ಕಳುಹಿಸುತ್ತಾರೆ. ಹಬ್ಬಕ್ಕೊಮ್ಮೆ, ಜಾತ್ರೆಗೊಮ್ಮೆ ಮತ್ತೆ ಕಳುಹಿಸುತ್ತಾರೆ. ಮಗನು ಬೆಂಗಳೂರಿನಲ್ಲಿಯೋ ಮುಂಬಯಿಯಲ್ಲಿಯೋ ದುಡಿಯುತ್ತ ತಿಂಗಳಿಗೊಮ್ಮೆ ಎರಡು ದಿನ ಊರಿಗೆ ಬರುತ್ತಾನೆ; ಆ ಎರಡು ದಿನಗಳೂ ಅಕಾಲದಲ್ಲಿಯೇ ಬೀಳಬಹುದು. ಹೀಗೆ ಕಳೆದ ಮೂರು ವರ್ಷಗಳಲ್ಲಿ ದಂಪತಿಗಳು ಸಕಾಲದಲ್ಲಿ ಕೂಡಿದ್ದು ಎಷ್ಟು ಸಲ ಎಂದು ಕೇಳಿದವರಿಲ್ಲ. ‘ಮೂರು ವರ್ಷವಾಯಿತು, ಇನ್ನೂ ಆಗಲಿಲ್ಲ’ ಎಂದು ತೀರ್ಪು ಕೊಟ್ಟವರೇ ಎಲ್ಲ. ಒಂದೇ ಸೂರಿನಡಿ, ಒಂದಿಷ್ಟು ಏಕಾಂತದಲ್ಲಿ ಅವರನ್ನು ಇರಗೊಡುವುದು ಹತ್ತು ಹರಕೆಗಳಿಗಿಂತ ಹೆಚ್ಚಿನ ಉಪಕಾರ.

ಹೀಗೆ ಕೂಡಿ ಬಾಳಿದ ದಂಪತಿಗಳಲ್ಲಿ 100ಕ್ಕೆ 80ಕ್ಕೂ ಹೆಚ್ಚು ಮಂದಿಗೆ ಒಂದು ವರ್ಷದೊಳಗೆ ಗರ್ಭ ನಿಲ್ಲುತ್ತದೆ. ಆದುದರಿಂದ ಆರೇ ತಿಂಗಳಿಗೆ ಗಾಬರಿಯಾಗುವುದು ಬೇಡ. ಐದು ವರ್ಷ ಕಾದು ಕೂರುವುದೂ ಬೇಡ. ಒಂದು ವರ್ಷ ಕಳೆದರೆ ಇಬ್ಬರೂ ಒಟ್ಟಿಗೆ ವೈದ್ಯರ ಬಳಿಗೆ ಹೋಗತಕ್ಕದ್ದು. ಹೆಂಡತಿಗೆ 35 ದಾಟಿದ್ದರೆ ಆರು ತಿಂಗಳೇ ಗಡುವು. ಮುಟ್ಟು ಕ್ರಮ ತಪ್ಪಿದ್ದರೆ, ಹಿಂದೆ ಕ್ಷಯವಾಗಿದ್ದರೆ, ಗಂಡನಿಗೆ ವೃಷಣದ ಶಸ್ತ್ರಚಿಕಿತ್ಸೆಯೋ ಪ್ರಾಯ ಬಂದ ಮೇಲೆ ಮಂಗಬಾವೋ ಆಗಿದ್ದರೆ, ಕಾಯುವುದೇ ಬೇಡ. ಭಾರತದಲ್ಲಿ ಗರ್ಭನಾಳಗಳನ್ನು ಸದ್ದಿಲ್ಲದೆ ಮುಚ್ಚುವ ರೋಗಗಳಲ್ಲಿ ಕ್ಷಯವು ಮುಖ್ಯವಾದುದೊಂದು.

ಪಥ್ಯವೂ ಇಬ್ಬರಿಗಿರಲಿ. ಹೆಂಡತಿಯಾದವಳು ಗರ್ಭಧಾರಣೆಗೆ ಒಂದು ತಿಂಗಳಾದರೂ ಮುಂಚಿನಿಂದ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲವನ್ನು ಸೇವಿಸತಕ್ಕದ್ದು. ಶಿಶುವಿನ ಬೆನ್ನುಹುರಿ ರೂಪುಗೊಳ್ಳುವುದು, ಬಸಿರೆಂದು ತಾಯಿಗೆ ತಿಳಿಯುವ ಮೊದಲೇ. ಸಕ್ಕರೆ ಕಾಯಿಲೆ, ಥೈರಾಯ್ಡ್, ರಕ್ತಹೀನತೆಗಳನ್ನು ಮೊದಲೇ ನೋಡಿಸಿ ಹತೋಟಿಗೆ ತರಬೇಕು. ಮೈತೂಕ ಮಿತಿಮೀರಿದ್ದರೆ ಸ್ವಲ್ಪ ಇಳಿಸಿದರೂ ಎಷ್ಟೋ ಸಲ ಮುಟ್ಟು ಕ್ರಮಕ್ಕೆ ಬರುತ್ತದೆ. ಗಂಡನಿಗೇನು ಪಥ್ಯ? ಬೀಡಿ, ಸಿಗರೇಟು, ಹೊಗೆಸೊಪ್ಪು, ಗುಟ್ಕಾಗಳನ್ನು ಬಿಡುವುದು, ಮದ್ಯಕ್ಕೆ ಕೈಮುಗಿಯುವುದು. ವೃಷಣಗಳು ದೇಹಕ್ಕಿಂತ ತಂಪಾಗಿದ್ದರೇ ಕೆಲಸ ಮಾಡತಕ್ಕವು; ಕುಲುಮೆ ಒಲೆಗಳ ಮುಂದೆ ದಿನವಿಡೀ ದುಡಿಯುವವರು ಇದನ್ನು ವೈದ್ಯರಿಗೆ ತಿಳಿಸಬೇಕು. ಮೈಕಟ್ಟು ಬೆಳೆಸಲೆಂದು ವ್ಯಾಯಾಮಶಾಲೆಗಳಲ್ಲಿ ಚುಚ್ಚಿಸಿಕೊಳ್ಳುವ ಟೆಸ್ಟೋಸ್ಟೆರಾನ್ ವೀರ್ಯಾಣುಗಳ ಉತ್ಪತ್ತಿಯನ್ನೇ ನಿಲ್ಲಿಸಬಲ್ಲದು. ಪುರುಷತ್ವವನ್ನು ಮೆರೆಸಲು ಹೋಗಿ ಪಿತೃತ್ವವನ್ನು ಕಳೆದುಕೊಳ್ಳುವ ಚೋದ್ಯವಿದು! ವೀರ್ಯಾಣುವೊಂದು ಬೆಳೆದು ಸಿದ್ಧವಾಗಲು ಎರಡೂವರೆ ತಿಂಗಳು ಬೇಕು. ಇಂದು ಬಿಟ್ಟ ಚಟದ ಫಲವು ಮೂರು ತಿಂಗಳ ಮೇಲೆ ಕಾಣಬಹುದು.

ಈ ಸರಳವಾದ ಮಾತುಗಳನ್ನು ಬದಿಗೊತ್ತಿ ವ್ಯಾಪಾರ ನಡೆಸುವವರು ಎರಡು ಕಡೆಗಳಲ್ಲಿಯೂ ಇದ್ದಾರೆ. ಗಂಡುಸಂತಾನದ ಚೂರ್ಣವೆಂದು ಜಾಹೀರಾತು ಮಾಡುವವರು ಒಂದು ಕಡೆ. ಗಂಡನನ್ನು ನೆಟ್ಟಗೆ ಪರೀಕ್ಷಿಸದೆಯೇ ಲಕ್ಷಗಟ್ಟಲೆಯ ಚಿಕಿತ್ಸೆಗೆ ಕೈ ತೋರಿಸುವವರು ಮತ್ತೊಂದು ಕಡೆ. 1978ರಲ್ಲಿ ಇಂಗ್ಲೆಂಡಿನಲ್ಲಿಯೂ ಅದೇ ವರ್ಷ ಕಲ್ಕತ್ತೆಯಲ್ಲಿಯೂ ಫಲಿಸಿದ ಪ್ರನಾಳ ವಿದ್ಯೆಯು ದೊಡ್ಡದು. ಒಂದೇ ವೀರ್ಯಾಣುವನ್ನು ಅಂಡಾಣುವಿನೊಳಗೆ ಸೇರಿಸಿ ಹುಟ್ಟಿಸಿದ ಶಿಶುಗಳ ವಾರ್ತೆ 1992ರಲ್ಲಿ ಬ್ರಸೆಲ್ಸ್‌ನಿಂದ ಬಂದ ಮೇಲೆ ಬೀಜ ವಿರಳರಾದ ಗಂಡಸರಿಗೂ ಆಸೆಯುಂಟಾಯಿತು. ಆದರೆ ಅದು ಕೊನೆಯ ಮೆಟ್ಟಿಲುಗಳಲ್ಲೊಂದು, ಮೊದಲನೆಯದಲ್ಲ. ಅಲ್ಲಿಗೆ ಹೋಗುವವರು ಆ ಸಂಸ್ಥೆಯು 2021ರ ಕಾಯಿದೆಯಂತೆ ನೋಂದಣಿಯಾಗಿದೆಯೇ, ಹೆಂಡತಿಯ ವಯಸ್ಸಿನವರಲ್ಲಿ 100ಕ್ಕೆ ಎಷ್ಟು ಮಂದಿ ಅಲ್ಲಿ ಜೀವಂತ ಶಿಶುವನ್ನು ಹೆತ್ತರು ಎಂದು ಕೇಳಿಯೇ ಹಣ ಕಟ್ಟತಕ್ಕದ್ದು.

ಇಷ್ಟನ್ನೂ ಕೇಳಿ ‘ಇನ್ನೊಂದು ಮದುವೆ ಮಾಡಿದರಾಯಿತು’ ಎನ್ನುವ ನಾಲಗೆಗಳು ಇನ್ನೂ ಅಡಗಿಲ್ಲ. 1955ರ ಹಿಂದೂ ವಿವಾಹ ಕಾಯಿದೆಯಂತೆ ಹೆಂಡತಿಯಿರಲು ಮಾಡಿಕೊಂಡ ಮದುವೆಯು ಮದುವೆಯೇ ಅಲ್ಲ, ಅಪರಾಧ. ಮಕ್ಕಳಾಗದಿರುವುದು ವಿಚ್ಛೇದನಕ್ಕೆ ಆ ಕಾಯಿದೆಯಲ್ಲಿ ಕಾರಣವೂ ಅಲ್ಲ. ಕಾನೂನು ಒತ್ತಟ್ಟಿಗಿರಲಿ. ದೋಷವು ಗಂಡನದಾಗಿದ್ದರೆ ಎರಡನೆಯವಳ ಮಡಿಲು ಹೇಗೆ ತುಂಬೀತು? ಒಬ್ಬ ನಿರಪರಾಧಿಯ ಜಾಗದಲ್ಲಿ ಇಬ್ಬರಾದರು, ಅಷ್ಟೆ.

ಹಾಗೆಂದು ಬಂಜೆಯೆಂಬ ಹೊರೆಯನ್ನು ಹೆಣ್ಣಿನ ತಲೆಯಿಂದಿಳಿಸಿ ಗಂಡಿನ ತಲೆಗೇರಿಸುವುದು ನ್ಯಾಯವಾಗದು. ವೀರ್ಯಾಣು ಕಡಮೆಯಿರುವುದು ಕಣ್ಣು ಮಂದವಾದಂತೆ ಒಂದು ದೇಹಸ್ಥಿತಿ, ಮಾನಭಂಗವಲ್ಲ. ಎಲ್ಲ ಪರೀಕ್ಷೆಗಳಾದ ಮೇಲೂ ಕಾರಣ ಕಾಣದ ದಂಪತಿಗಳುಂಟು. ಎಲ್ಲ ಚಿಕಿತ್ಸೆಗಳಾದ ಮೇಲೂ ಮಕ್ಕಳಾಗದವರುಂಟು. ದತ್ತು ತೆಗೆದುಕೊಂಡು ತಾಯ್ತಂದೆಯರಾಗುವ ದಾರಿ ಅವರಿಗೆ ತೆರೆದಿದೆ. ಮಕ್ಕಳಿಲ್ಲದೆಯೂ ಒಬ್ಬರಿಗೊಬ್ಬರಾಗಿ ಬಾಳುವ ದಾರಿಯೂ ಕೀಳಲ್ಲ. ಅಂತಹ ಹೆಣ್ಣನ್ನು ಸೀಮಂತದ ಆರತಿಗೆ ಕರೆಯದೆ, ತೊಟ್ಟಿಲ ಶಾಸ್ತ್ರದಲ್ಲಿ ದೂರ ನಿಲ್ಲಿಸುವ ಪದ್ಧತಿಗೆ ಯಾವ ಶಾಸ್ತ್ರದ ಆಧಾರವನ್ನು ಕೊಟ್ಟರೂ ಅದು ಕ್ರೌರ್ಯವೇ ಸರಿ.

ಕುಕ್ಕೆಗೆ ಹೋಗುವವರು ಹೋಗಲಿ. ನಾಗರಕಲ್ಲಿಗೆ ಹಾಲೆರೆಯುವವರು ಎರೆಯಲಿ. ನಂಬಿಕೆಯು ನೊಂದ ಮನಸ್ಸಿಗೆ ಊರುಗೋಲಾದರೆ ಅದನ್ನು ಕಸಿದುಕೊಳ್ಳಬೇಕಾಗಿಲ್ಲ. ಆದರೆ ಸೊಸೆಗೆ ಹರಕೆ ಹೇಳುವ ಮುನ್ನ ಮಗನನ್ನು ಒಂದು ದಿನ ಪರೀಕ್ಷೆಗೆ ಕಳುಹಿಸಿ ಬರುವಷ್ಟು ಧೈರ್ಯವು ಮನೆಯ ಹಿರಿಯರಿಗೆ ಬರಲಿ. ಅದು ಬಂದ ದಿನ ‘ಬಂಜೆ’ ಎಂಬ ಮಾತಿಗೆ ಪುಲ್ಲಿಂಗವನ್ನು ಹುಡುಕುವ ಕೆಲಸ ಉಳಿಯದು. ಸ್ತ್ರೀಲಿಂಗವೇ ನಿಘಂಟಿನ ಮೂಲೆಯಲ್ಲಿ ಹಳೆಯ ಶಬ್ದವಾಗಿ ಬಿದ್ದಿರುವುದು.