ವಿಎಂಸಿ ಸರಣಿ, ಭಾಗ 9: ಫೀಡ್ ನಾಬ್ ತಿರುಗಿಸಿದ್ರೆ ಪ್ರೋಗ್ರಾಂ ಸರಿಹೋಗಲ್ಲ

ಮೊದಲನೇ ಫೋಟೋ ಸ್ವಲ್ಪ ಝೂಮ್ ಮಾಡಿ ನೋಡಿ. ವಿಎಂಸಿ ಪ್ಯಾನೆಲ್, ಫೀಡ್ ಓವರ್‌ರೈಡ್ ನಾಬ್. 40ರ ಪಕ್ಕ ಯಾರೋ ಮಾರ್ಕರಲ್ಲಿ ಒಂದು ಗೀಟು ಎಳೆದಿದ್ದಾರೆ. ಅಂದ್ರೆ "ಈ ಜಾಬ್‌ಗೆ ಇಲ್ಲೇ ಇಡು" ಅಂತ. ಪೀಣ್ಯದಲ್ಲಿ ಟ್ರೈನಿಂಗ್ ಮಾಡಿದ ಯಾರನ್ನ ಬೇಕಾದ್ರೂ ಕೇಳಿ, ಇಂಥ ಗೀಟು ನೋಡಿರ್ತಾರೆ.

ನನ್ನ ಮಾತು ನೇರವಾಗಿ ಹೇಳ್ತೀನಿ. ದಿನಾ 40ರಲ್ಲಿ ಓಡೋ ಪ್ರೋಗ್ರಾಂ ಅಂದ್ರೆ ಅದು ತಪ್ಪು ಪ್ರೋಗ್ರಾಂ. ನಾಬ್ ಇರೋದು ಫಸ್ಟ್ ಪೀಸ್‌ಗೆ. ಆಗ ಸಿಂಗಲ್ ಬ್ಲಾಕ್ ಆನ್ ಮಾಡಿ, ರ್‍ಯಾಪಿಡ್ 25ಕ್ಕೆ ಇಳಿಸಿ, ಕೈ ನಾಬ್ ಮೇಲೆ ಇಟ್ಕೊಂಡೇ ನಿಲ್ಲಿ, ಅದರಲ್ಲಿ ನಾಚಿಕೆ ಏನಿಲ್ಲ. ಆದರೆ ನೂರನೇ ಪೀಸ್‌ಗೂ ಅದೇ ಗೀಟಿನಲ್ಲಿ ನಿಂತಿದ್ರೆ, ಕಾಯಿಲೆ ಯಾರೂ ನೋಡಿಲ್ಲ ಅಂತ ಅರ್ಥ.

"ನಿಧಾನಕ್ಕೆ ಓಡಿಸಿದ್ರೆ ಟೂಲ್ ಉಳಿಯುತ್ತೆ ಕಣೋ" ಅಂತಾರೆ ಸೀನಿಯರ್‌ಗಳು. ಕೇಳೋಕೆ ಸರಿ ಅನ್ಸುತ್ತೆ. ಲೆಕ್ಕ ಹಾಕೋಣ ಬನ್ನಿ.

10 ಎಂಎಂ ಕಾರ್ಬೈಡ್ ಎಂಡ್‌ಮಿಲ್, 4 ಫ್ಲೂಟ್, ಮೈಲ್ಡ್ ಸ್ಟೀಲ್. ಕಟಿಂಗ್ ಸ್ಪೀಡ್ ನಿಮಿಷಕ್ಕೆ 120 ಮೀಟರ್ ಅಂತ ಇಟ್ಕೊಳ್ಳಿ. ಸುಮಾರು 3820 ಆರ್‌ಪಿಎಂ ಬರುತ್ತೆ. ಒಂದೊಂದು ಹಲ್ಲಿಗೆ 0.05 ಎಂಎಂ ಕೊಟ್ರೆ ಫೀಡ್ 764. ಈಗ ನಾಬ್ 40ಕ್ಕೆ ತಿರುಗಿಸಿ. ಫೀಡ್ 306ಕ್ಕೆ ಇಳೀತು, ಸ್ಪಿಂಡಲ್ ಮಾತ್ರ ಅದೇ 3820ರಲ್ಲಿ ತಿರುಗ್ತಾ ಇದೆ. ಹಲ್ಲಿಗೆ ಸಿಗೋದು 0.02. ಅದರ ಮೇಲೆ ಸೈಡ್ ಕಟ್ 1 ಎಂಎಂ ಮಾತ್ರ ಇದ್ರೆ ಚಿಪ್ ಇನ್ನೂ ತೆಳು. 100ರಲ್ಲಿ ಅತಿ ದಪ್ಪ ಜಾಗದಲ್ಲಿ 0.03 ಇದ್ದದ್ದು 40ರಲ್ಲಿ 0.012 ಆಗುತ್ತೆ. ಅಂದ್ರೆ 12 ಮೈಕ್ರಾನ್.

ಟೂಲಿನ ಅಂಚು ನಮ್ಮ ಕಣ್ಣಿಗೆ ಚೂಪು, ಆದ್ರೆ ಮೈಕ್ರೋಸ್ಕೋಪಲ್ಲಿ ನೋಡಿದ್ರೆ ಅದೂ ದುಂಡಗೇ ಇರುತ್ತೆ, ಅದರ ದುಂಡೂ ಮೈಕ್ರಾನ್ ಲೆಕ್ಕದಲ್ಲೇ. ಚಿಪ್ ಆ ದುಂಡಿಗಿಂತ ತೆಳುವಾದ್ರೆ ಹಲ್ಲು ಕಡಿಯಲ್ಲ, ಉಜ್ಜುತ್ತೆ. ಈಳಿಗೆ ಮಣೆ ಮೇಲೆ ಟೊಮೆಟೊ ಹೆದರಿ ಹೆದರಿ ಒತ್ತಿದ್ರೆ ಸಿಪ್ಪೆ ಜಾರುತ್ತಲ್ಲ, ಹಾಗೆ. ಉಜ್ಜಿದ್ರೆ ಬಿಸಿ, ಬಿಸಿಯಾದ್ರೆ ಅಂಚು ಸವೀತದೆ. 304 ಸ್ಟೇನ್‌ಲೆಸ್ ಆಗಿದ್ರಂತೂ ಕಥೆ ಮುಗೀತು. ಉಜ್ಜಿದ ಜಾಗ ಗಟ್ಟಿಯಾಗುತ್ತೆ, ಮುಂದಿನ ಹಲ್ಲು ಆ ಗಟ್ಟಿ ಪದರಕ್ಕೇ ತಲೆ ಚಚ್ಚಿಕೊಳ್ಳುತ್ತೆ. ಟೂಲ್ ಉಳಿಸೋಕೆ ಹೋಗಿ ಟೂಲ್ ಸವೆಸಿದ ಹಾಗಾಯ್ತು.

ಹಾಗಾದ್ರೆ ಸದ್ದು ಬಂದಾಗ ಏನು ನೋಡ್ಬೇಕು? ಸದ್ದು ಎಲ್ಲಿ ಬರ್ತಿದೆ ಅಂತ. ಅಷ್ಟೇ. ಬ್ಲಾಕ್ ನಂಬರ್ ಬರ್ಕೊಳ್ಳಿ.

ಪಾಕೆಟ್ ಮೂಲೆಯಲ್ಲಿ ಮಾತ್ರ ಕಿರುಚ್ತಿದ್ಯಾ? ಹಾಗಿದ್ರೆ ಫೀಡ್‌ಗಿಂತ ಮುಂಚೆ ಟೂಲ್‌ಪಾತ್ ನೋಡಿ. ಡ್ರಾಯಿಂಗಲ್ಲಿ ಮೂಲೆ ಆರ್5, ನೀವು ಹಾಕಿರೋದು 10 ಎಂಎಂ ಟೂಲ್. ನೇರ ಗೋಡೆಯಲ್ಲಿ 1 ಎಂಎಂ ಕಟ್‌ಗೆ ಟೂಲ್ ಮೆಟೀರಿಯಲ್ ಹಿಡಿದಿರೋದು ಸುಮಾರು 37 ಡಿಗ್ರಿ. ಮೂಲೆಗೆ ಬಂದ ಕೂಡಲೇ ಎರಡೂ ಗೋಡೆ ಒಟ್ಟಿಗೆ ಅಪ್ಪಿಕೊಂಡು ಅದು 120 ಡಿಗ್ರಿ ದಾಟುತ್ತೆ. ಪಾಪ, ಕಿರುಚದೆ ಏನು ಮಾಡುತ್ತೆ! 6 ಎಂಎಂ ಟೂಲಲ್ಲಿ ಆ ಮೂಲೆ ಫಿನಿಶ್ ಮಾಡಿ, ಟೂಲ್ ಒಂದು ಕಮಾನು ಹಾಕಿ ಹೊರಳಿಕೊಳ್ಳಲಿ. ರಫಿಂಗ್‌ಗೆ ಅಡಾಪ್ಟಿವ್ ಟೂಲ್‌ಪಾತ್ ಹಾಕಿ. ನಿಮ್ಮ ಕ್ಯಾಮ್ ಸಾಫ್ಟ್‌ವೇರಲ್ಲಿ ಅದಕ್ಕೆ ಡೈನಾಮಿಕ್ ಅಂತಲೋ ಇನ್ನೇನೋ ಹೆಸರಿರಬಹುದು, ಕೆಲಸ ಒಂದೇ: ಟೂಲ್ ಹಿಡಿಯೋ ಭಾಗ ಮೂಲೆಯಲ್ಲೂ ಜಾಸ್ತಿ ಆಗದ ಹಾಗೆ ನೋಡ್ಕೊಳ್ಳೋದು.

ಉದ್ದಕ್ಕೂ ಸೀಟಿ ಹೊಡೆದಂಗೆ ಸದ್ದು, ಗೋಡೆ ಮೇಲೆ ಅಲೆ ಅಲೆ ಗುರುತು ಇದ್ರೆ ಅದು ಚಾಟರ್. ಟೂಲ್ ಕೊಲೆಟ್‌ನಿಂದ ಎಷ್ಟು ಹೊರಗಿದೆ ಅಂತ ಅಳೆಯಿರಿ. 30 ಎಂಎಂ ಸಾಕಿದ್ದಲ್ಲಿ 45 ಬಿಟ್ಟಿದ್ರೆ, ಅಷ್ಟೇ ಬಲಕ್ಕೆ ಟೂಲ್ ಮೂರು ಪಟ್ಟಿಗಿಂತ ಜಾಸ್ತಿ ಬಾಗುತ್ತೆ, ಯಾಕಂದ್ರೆ ಬಾಗೋದು ಉದ್ದದ ಘನದ ಲೆಕ್ಕದಲ್ಲಿ. ಒಳಗೆ ತಳ್ಳೋಕೆ ಜಾಗ ಇಲ್ವಾ, ಸ್ಪಿಂಡಲ್ ಸ್ಪೀಡನ್ನ ಹತ್ತು ಪರ್ಸೆಂಟ್ ಅತ್ತ ಇತ್ತ ಮಾಡಿ ನೋಡಿ. ಚಾಟರ್‌ಗೆ ಔಷಧಿ ಬಹಳ ಸಲ ಆ ಪಕ್ಕದ ನಾಬಲ್ಲಿರುತ್ತೆ, ಫೀಡ್ ನಾಬಲ್ಲಲ್ಲ.

ಒಂದೇ ಹಲ್ಲು ಚಿಪ್ ಆಗ್ತಿದ್ರೆ ಡಯಲ್ ಇಡಿ. ರನ್‌ಔಟ್ 0.02 ಇದ್ದು ನಿಮ್ಮ ಚಿಪ್ಪೂ 0.02 ಆದ್ರೆ ಒಂದು ಹಲ್ಲು ದುಡೀತಿದೆ, ಎದುರಿಗಿರೋದು ಸುಮ್ನೆ ಸುತ್ತುತಿದೆ. ಗ್ರೂಪ್ ಪ್ರಾಜೆಕ್ಟ್ ನೆನಪಾಯ್ತಾ?

ಇನ್ನೊಂದು ಗಮನಿಸಿ. ಜಿ84 ಟ್ಯಾಪಿಂಗ್ ನಡೀವಾಗ ಫ್ಯಾನಕ್ ಕಂಟ್ರೋಲ್ ನಿಮ್ಮ ಫೀಡ್ ನಾಬನ್ನ ಕೇಳೋದೇ ಇಲ್ಲ. ಎಂ8ಗೆ ಪಿಚ್ 1.25, 400 ಆರ್‌ಪಿಎಂಗೆ ಫೀಡ್ 500 ಇರಲೇಬೇಕು, ಇಲ್ಲಾಂದ್ರೆ ಟ್ಯಾಪ್ ಮುರಿಯುತ್ತೆ. ಅಲ್ಲಿ ಸ್ಪೀಡು ಫೀಡು ಗಂಡ ಹೆಂಡ್ತಿ ಥರ ಕಟ್ಟಿಹಾಕಿದ್ದಾರೆ ಅಂತ ಎಲ್ಲರಿಗೂ ಗೊತ್ತು. ಮಿಲ್ಲಿಂಗಲ್ಲಿ ಆ ಗಂಟು ಸ್ವಲ್ಪ ಸಡಿಲ, ಅದಕ್ಕೇ ನಾವು ಆಟ ಆಡ್ತೀವಿ.

ಈಗ ನನಗೆ ನಿಜವಾಗಿ ಸಿಟ್ಟು ಬರೋ ವಿಷಯ. ಆ ಗೀಟು ಎಳೆದ ಆಪರೇಟರ್ ಅಣ್ಣನ್ನ ನಾನು ಬೈಯಲ್ಲ. ರಾತ್ರಿ ಶಿಫ್ಟಲ್ಲಿ ಅವರ ಹತ್ರ ಕ್ಯಾಮ್ ಇಲ್ಲ, ಪ್ರೋಗ್ರಾಂ ಎಡಿಟ್ ಮಾಡೋಕೆ ಕೀ ಇಲ್ಲ. ಅವರ ಕೈಗೆ ಬಿಟ್ಟಿರೋದು ಆ ನಾಬ್ ಒಂದೇ. ಆದ್ರೆ ಲೆಕ್ಕ ಯಾರ ಹೆಸರಲ್ಲಿ ಬೀಳುತ್ತೆ ನೋಡಿ. 12 ನಿಮಿಷದ ಕಟಿಂಗ್ 40ರಲ್ಲಿ 30 ನಿಮಿಷ ಆಗುತ್ತೆ. ಲೋಡಿಂಗ್ ಬಿಟ್ಟೇ ಹೇಳ್ತೀನಿ, 8 ಗಂಟೆಯಲ್ಲಿ 40 ಪೀಸ್ ಬರಬೇಕಾದಲ್ಲಿ 16. ಬೋರ್ಡಲ್ಲಿ ಆ 16ರ ಪಕ್ಕ ಇರೋದು ಆಪರೇಟರ್ ಹೆಸರು. ಮೂಲೆಗೆ 10 ಎಂಎಂ ಟೂಲ್ ಹಾಕಿದ ಪ್ರೋಗ್ರಾಮರ್ ಹೆಸರು ಎಲ್ಲೂ ಇಲ್ಲ. ಮುಂದಿನ ತಿಂಗಳು ಅದೇ ಜಾಬ್ ಬಂದಾಗ ಅದೇ ಫೈಲ್ ಮತ್ತೆ ಕೆಳಗೆ ಬರುತ್ತೆ.

ನಮ್ಮ ಬ್ಯಾಚಲ್ಲಿ ಅರ್ಧ ಜನ ನಾಳೆ ಆ ಎಸಿ ರೂಮಲ್ಲಿ ಕೂತು ಪ್ರೋಗ್ರಾಂ ಬರೆಯೋರೇ. ಸಿಮ್ಯುಲೇಶನ್ ಹಸಿರಾಗಿದೆ ಅಂತ ಪೋಸ್ಟ್ ಮಾಡಿ ಕೈ ತೊಳ್ಕೋಬೇಡಿ. ಸಿಮ್ಯುಲೇಶನ್‌ಗೆ ಸದ್ದು ಕೇಳಲ್ಲ. ಫಸ್ಟ್ ಪೀಸ್ ಓಡುವಾಗ ಕೆಳಗಿಳಿದು ಹೋಗಿ ಪಕ್ಕದಲ್ಲಿ ನಿಲ್ಲಿ, "ಅಣ್ಣ, ಎಲ್ಲಿ ನಾಬ್ ಇಳಿಸಿದ್ರಿ?" ಅಂತ ಕೇಳಿ.

ನಾಲ್ಕನೇ ಫೋಟೋದಲ್ಲಿ ಸೆಟಪ್ ಶೀಟ್ ಇದೆ. ನಾನು ಅದಕ್ಕೆ ಒಂದು ಕಾಲಂ ಸೇರಿಸಿದ್ದೀನಿ: ಬ್ಲಾಕ್ ನಂಬರ್, ನಾಬ್ ಎಷ್ಟಕ್ಕೆ, ಯಾಕೆ. ಸ್ಕ್ರೀನ್‌ಶಾಟ್ ತಗೊಳ್ಳಿ, ನಿಮ್ಮ ಶಾಪಲ್ಲಿ ಒಂದು ವಾರ ತುಂಬಿಸಿ. ಮೂಲೆ ಬ್ಲಾಕ್‌ಗಳು ಎಷ್ಟು ಬಂದ್ವು ಅಂತ ಕೆಳಗೆ ಕಾಮೆಂಟಲ್ಲಿ ಹಾಕಿ. ಭಾಗ 10ರಲ್ಲಿ ಜಿ41 ಹಾಕಿದ ಕೂಡಲೇ ಬರೋ 041 ಅಲಾರಂ ನೋಡೋಣ.

#ವಿಎಂಸಿಸರಣಿ #ಕನ್ನಡದಲ್ಲಿಸಿಎನ್‌ಸಿ #ಟೂಲ್‌ರೂಮ್‌ಹುಡುಗರು #ಟೂಲ್‌ರೂಮ್‌ಹುಡುಗೀರು